‘ಸಮಂಜಸ ಕಾಲ’ ಅಂದರೆ ಎಷ್ಟು ವರ್ಷ?

“ತಮ್ಮಾ, ಸಮಂಜಸ ಕಾಲ ಅಂದ್ರ ಎಷ್ಟು ವರ್ಷ?”

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ನಮ್ಮೂರಿನ ಕಾಕಾ ಒಬ್ಬರು ಕೇಳಿದ ಪ್ರಶ್ನೆ ಇದು. ಎಸಿ, ಅಂದರೆ ಉಪವಿಭಾಗಾಧಿಕಾರಿಯ ಕೋರ್ಟಿಗೆ ಹೊರಟಿದ್ದರು. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ. ಅದರೊಳಗೆ ಹಳೇ ಪಹಣಿ, ಅಪ್ಪನ ಹೆಸರಿನ ಪಟ್ಟಾ. ‘ಇವರು ಸಮಂಜಸ ಕಾಲದೊಳಗೆ ಅರ್ಜಿ ಹಾಕಿಲ್ಲ’ ಅಂತ ಎದುರು ಪಾರ್ಟಿಯವರು ಬರೆದುಕೊಟ್ಟಿದ್ದರಂತೆ. ಹತ್ತೋ, ಹನ್ನೆರಡೋ, ಒಂದು ಲೆಕ್ಕ ಹೇಳು ಅಂದರು ಕಾಕಾ. ಹೇಳೋಕೆ ನನ್ನ ಹತ್ತಿರ ಲೆಕ್ಕ ಇರಲಿಲ್ಲ. ಯಾಕೆಂದರೆ ಕಾನೂನಿನಲ್ಲೇ ಆ ಲೆಕ್ಕ ಇಲ್ಲ.

ಕಾಕಾ ಅವರದ್ದು ಪಿಟಿಸಿಎಲ್ ಕೇಸು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನು ಬೇರೆಯವರ ಪಾಲಾಗದಂತೆ ತಡೆಯಲು ಕರ್ನಾಟಕ 1978ರಲ್ಲಿ ಮಾಡಿದ ಕಾಯ್ದೆ ಅದು. 1979ರ ಜನವರಿ 1ರಿಂದ ಜಾರಿಗೆ ಬಂತು. ನಮ್ಮ ಕಡೆ ಇಂಥ ಭೂಮಿಗೆ ಗ್ರಾಂಟ್ ಜಮೀನು ಅಂತಾರೆ. ರಾಯಚೂರು, ಕೊಪ್ಪಳ ಮೊದಲು ನಿಜಾಮರ ಸೀಮೆ ಆಗಿದ್ದರಿಂದ ಹಳಬರ ಬಾಯಲ್ಲಿ ಲಾವಣಿ ಪಟ್ಟಾ ಅನ್ನೋ ಮಾತೂ ಇದೆ.

ಕಾಯ್ದೆಯ 4ನೇ ಕಲಂ ತುಂಬಾ ಗಟ್ಟಿ. ಮಂಜೂರಾತಿಯ ಷರತ್ತು ಮುರಿದು ಮಾರಿದ್ದರೆ ಆ ಮಾರಾಟ ನಡೆದೇ ಇಲ್ಲ ಅಂತ ಲೆಕ್ಕ. ಕಾಯ್ದೆ ಬರುವ ಮೊದಲು ಮಾರಿದ್ದಕ್ಕೂ ಇದು ಅನ್ವಯ. ಕಾಯ್ದೆ ಬಂದ ಮೇಲಂತೂ ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗೇ ಇಲ್ಲ. 5ನೇ ಕಲಂ ಪ್ರಕಾರ ಎಸಿ ವಿಚಾರಣೆ ಮಾಡಿ ಜಮೀನನ್ನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ವಾಪಸ್ ಕೊಡಿಸಬೇಕು. ಅರ್ಜಿ ಬರದಿದ್ದರೂ ತಾವಾಗಿಯೇ ಕ್ರಮ ತಗೋಬಹುದು. ಈ ಕಾಯ್ದೆ ಸಂವಿಧಾನಕ್ಕೆ ಒಪ್ಪುತ್ತದೆ ಅಂತ ಸುಪ್ರೀಂ ಕೋರ್ಟ್ 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಹೇಳಿತು.

ಇಷ್ಟು ವರ್ಷದೊಳಗೆ ಅರ್ಜಿ ಹಾಕಬೇಕು ಅಂತ ಮಾತ್ರ ಕಾಯ್ದೆಯಲ್ಲಿ ಎಲ್ಲೂ ಬರೆದಿರಲಿಲ್ಲ. ನನ್ನ ಪ್ರಕಾರ ಅದು ಸರಿಯೇ. ತುಂಗಭದ್ರಾ ಡ್ಯಾಮಿನ ನೀರು 1953ರಿಂದ ಕಾಲುವೆಗೆ ಹರಿಯಿತು. ಒಣ ಬೇಸಾಯದ ಎರೆಹೊಲ ಭತ್ತದ ಗದ್ದೆ ಆಯಿತು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಸುತ್ತ ವಲಸೆ ಬಂದ ರೈತರ ಕ್ಯಾಂಪುಗಳು ಎದ್ದವು. ಭೂಮಿಗೆ ಬೆಲೆ ಬಂತು. ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ, ಹಳೇ ಸಾಲಕ್ಕೆ ಅಂತ ಹೆಬ್ಬೆಟ್ಟು ಒತ್ತಿದವರಿಗೆ ತಮ್ಮ ಪರವಾಗಿ ಒಂದು ಕಾಯ್ದೆ ಇದೆ ಅಂತ ಹೇಳಿದವರಾದರೂ ಯಾರು? ಗೊತ್ತಾಗುವ ಹೊತ್ತಿಗೆ ಮಕ್ಕಳು ಅದೇ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದರು.

ಈಗ ‘ಸಮಂಜಸ ಕಾಲ’ದ ವಿಷಯಕ್ಕೆ ಬರೋಣ. ವಕೀಲರು ರೀಸನಬಲ್ ಟೈಮ್ ಅಂತಾರೆ. ನಮ್ಮದು ಇಂಗ್ಲೆಂಡಿನಿಂದ ಬಂದ ಕಾಮನ್ ಲಾ ಪದ್ಧತಿ. ಇಲ್ಲಿ ಶಾಸನಸಭೆ ಬರೆದದ್ದು ಕಾನೂನು. ಅದರಲ್ಲಿ ಬಿಟ್ಟುಹೋದ ಜಾಗವನ್ನು ಜಡ್ಜುಗಳು ತೀರ್ಪಿನಲ್ಲಿ ತುಂಬಿದರೆ ಅದೂ ಕಾನೂನೇ. ಸಂವಿಧಾನದ 141ನೇ ವಿಧಿ ಪ್ರಕಾರ ಸುಪ್ರೀಂ ಕೋರ್ಟ್ ಹೇಳಿದ ಕಾನೂನಿಗೆ ದೇಶದ ಎಲ್ಲ ಕೋರ್ಟುಗಳೂ ಬದ್ಧ. ಹೀಗೆ ತುಂಬಿದ ಮಾತುಗಳಲ್ಲಿ ಸಮಂಜಸ ಕಾಲವೂ ಒಂದು. ಕಾಯ್ದೆ ಗಡುವು ಹಾಕದಿದ್ದರೂ ಅಧಿಕಾರವನ್ನು ಮಿತಿಮೀರಿ ತಡವಾಗಿ ಬಳಸಬಾರದು ಅನ್ನೋದು ಅದರ ಅರ್ಥ. ಎಷ್ಟಾದರೆ ಮಿತಿಮೀರಿತು? ಆಯಾ ಕೇಸಿನ ಸಂಗತಿ ನೋಡಿ ಜಡ್ಜು ಹೇಳಬೇಕು.

2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನು ಪಿಟಿಸಿಎಲ್‌ಗೆ ಅನ್ವಯಿಸಿತು. ಕೇಸಿನ ಪಕ್ಷಗಾರರ ಹೆಸರಿನಿಂದ ಕೋರ್ಟ್ ಆವರಣದಲ್ಲಿ ಅದಕ್ಕೆ ನೆಕ್ಕಂಟಿ ತೀರ್ಪು ಅಂತಲೇ ಹೆಸರು. ಅಲ್ಲಿ ಸುಮಾರು 25 ವರ್ಷ ತಡವಾಗಿ ಅರ್ಜಿ ಹಾಕಲಾಗಿತ್ತು. ಮಾರಾಟ ಅಸಿಂಧು ಆಗಿದ್ದರೂ ಸರಿ, ಅಧಿಕಾರಿ ತಾನಾಗಿಯೇ ಕ್ರಮ ತಗೊಂಡರೂ ಸರಿ, ಸಮಂಜಸ ಕಾಲದೊಳಗೇ ಆಗಬೇಕು ಎಂದಿತು ಕೋರ್ಟ್. ಅಲ್ಲಿಂದ ಮುಂದೆ ಎಸಿ, ಡಿಸಿ, ಹೈಕೋರ್ಟ್ ಎಲ್ಲ ಕಡೆ ಈ ತೀರ್ಪು ತೋರಿಸಿ ಅರ್ಜಿ ವಜಾ ಮಾಡಿಸುವುದು ಜಾಸ್ತಿ ಆಯಿತು.

ಕೊಂಡವರ ಮಾತಲ್ಲೂ ನ್ಯಾಯ ಇದೆ. ಮೂವತ್ತು ವರ್ಷ ಮಟ್ಟ ಮಾಡಿ, ಬದು ಹಾಕಿ, ಬ್ಯಾಂಕ್ ಸಾಲ ತೀರಿಸಿದ ಗದ್ದೆಯನ್ನು ಬಿಡು ಅಂದರೆ ಯಾರಿಗೆ ತಾನೇ ಸಂಕಟ ಆಗಲ್ಲ? ಕೆಲವರು ಕೊಂಡವರಿಂದ ಕೊಂಡವರು. ಆದರೂ ತಡ ಆಯಿತು ಅನ್ನುವಾಗ ಯಾರಿಗೆ ತಡ, ಯಾಕೆ ತಡ ಅಂತ ಕೇಳಲೇಬೇಕು. ಓದು ಬಲ್ಲವನ 25 ವರ್ಷವೂ ಜೀತದಿಂದ ಬಿಡಿಸಿಕೊಂಡು ಬಂದವನ 25 ವರ್ಷವೂ ಒಂದೇ ಅಲ್ಲ ಅಲ್ವಾ?

ದಲಿತ ಸಂಘಟನೆಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ತಿಂಗಳುಗಟ್ಟಲೆ ಧರಣಿ ಕೂತದ್ದು ಇದಕ್ಕೇ. 2023ರ ಜುಲೈನಲ್ಲಿ ತಿದ್ದುಪಡಿ ಬಂತು. 5ನೇ ಕಲಂಗೆ ಎರಡು ಸಾಲು ಸೇರಿದವು. ಬೇರೆ ಕಾನೂನು ಏನೇ ಹೇಳಲಿ, ಈ ಕಾಯ್ದೆ ಬಳಸಲು ಕಾಲಮಿತಿ ಇಲ್ಲ ಅನ್ನೋದು ಮೊದಲನೆಯದು. ಬಾಕಿ ಇರುವ ಕೇಸುಗಳಿಗೂ ಇದು ಅನ್ವಯ ಅನ್ನೋದು ಎರಡನೆಯದು. ಇನ್ನು ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ.

ಮುಗಿಯಲಿಲ್ಲ. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠವೊಂದು ಎರಡು ಪದಗಳನ್ನು ಬೇರೆ ಮಾಡಿ ತೋರಿಸಿತು. ಒಂದು ಕಾಲಮಿತಿ. ಇನ್ನೊಂದು ವಿಳಂಬ. ಕಾಲಮಿತಿ ಅಂದರೆ ಶಾಸನ ಹಾಕುವ ಗಡುವು. ದಿನದ ಲೆಕ್ಕ ಅದು, ದಾಟಿದರೆ ಬಾಗಿಲು ಮುಚ್ಚಿತು. ವಿಳಂಬ ಅಂದರೆ ಹಕ್ಕು ಇದ್ದೂ ಸುಮ್ನೆ ಕೂತದ್ದರಿಂದ ಎದುರಿನವನ ಸ್ಥಿತಿ ಬದಲಾಯಿತೇ ಅಂತ ಕೋರ್ಟ್ ನೋಡುವುದು. ಇಂಗ್ಲೆಂಡಿನಲ್ಲಿ ಕಾನೂನಿನ ಅಕ್ಷರಕ್ಕಿಂತ ನ್ಯಾಯ ನೋಡುತ್ತಿದ್ದ ಈಕ್ವಿಟಿ ಕೋರ್ಟುಗಳಿಂದ ಬಂದ ವಿಚಾರ ಇದು, ವಕೀಲರು ಲ್ಯಾಚಸ್ ಅಂತಾರೆ. ತಿದ್ದುಪಡಿ ಕಾಲಮಿತಿ ಇಲ್ಲ ಎಂದಿದೆ, ಅದು ಮೊದಲೂ ಇರಲಿಲ್ಲ. ವಿಳಂಬ ನೋಡಬಾರದು ಅಂತ ಎಲ್ಲೂ ಹೇಳಿಲ್ಲ. ಹೀಗೆಂದಿತು ಪೀಠ.

ಪದಗಳ ಮಟ್ಟಿಗೆ ಈ ವಾದ ಗಟ್ಟಿ ಇದೆ, ಒಪ್ಪುತ್ತೇನೆ. ಆದರೆ ತಿದ್ದುಪಡಿ ತಂದವರ ಉದ್ದೇಶ ಮಾತ್ರ ಹೊರಗೇ ಉಳಿಯಿತು ಅನ್ನೋದು ನನ್ನ ಬೇಸರ. ಮೊದಲೇ ಇಲ್ಲದ ಗಡುವನ್ನು ಇಲ್ಲ ಅನ್ನೋಕೆ ಯಾರಾದರೂ ಒಂದು ಕಾಯ್ದೆ ತರುತ್ತಾರಾ?

ಲಿಂಗಸುಗೂರು ಬರುವಷ್ಟರಲ್ಲಿ ಕಾಕಾಗೆ ಇಷ್ಟನ್ನೂ ಹೇಳಲು ಆಗಲಿಲ್ಲ. ಕೆಲಸಕ್ಕೆ ಬರುವುದನ್ನಷ್ಟೇ ಹೇಳಿದೆ. ಕಾಲಮಿತಿ ಇಲ್ಲ ಅಂತ ಒಂದೇ ಸಾಲು ಬರೆದು ಬಿಡಬೇಡಿ. ತಡ ಯಾಕಾಯಿತು ಅಂತ ವಿವರವಾಗಿ ಬರೆಸಿ. ಅಪ್ಪ ಯಾವಾಗ ತೀರಿಕೊಂಡರು, ಗುಳೇ ಹೋಗಿದ್ದು ಎಷ್ಟು ವರ್ಷ, ಮಂಜೂರಾತಿಯ ವಿಷಯ ಯಾವಾಗ ಗೊತ್ತಾಯಿತು, ಹಿಂದೆ ತಲಾಟಿ ಹತ್ತಿರ ಅರ್ಜಿ ಏನಾದರೂ ಕೊಟ್ಟಿದ್ದಿರಾ, ಎಲ್ಲ ಬರಲಿ. ತಹಶೀಲ್ ಕಚೇರಿಯ ರೆಕಾರ್ಡ್ ರೂಮಿನಿಂದ ಮಂಜೂರಾತಿ ಆದೇಶದ ನಕಲು ತೆಗೆಸಿ. ಎಸಿ ಹತ್ತಿರ ಸೋತರೆ ಮೂರು ತಿಂಗಳೊಳಗೆ ಡಿಸಿಗೆ ಅಪೀಲು. ಅಲ್ಲೂ ಆಗದಿದ್ದರೆ ಹೈಕೋರ್ಟ್. ರಾಯಚೂರಿನವರಿಗೆ ಕಲಬುರಗಿ ಪೀಠ, ಕೊಪ್ಪಳ, ಬಳ್ಳಾರಿಯವರಿಗೆ ಧಾರವಾಡ ಪೀಠ.

“ಅಪೀಲಿಗೆ ಮೂರು ತಿಂಗಳು ಅಂತ ಬರದಾರೇನು?” ಕಾಕಾ ಕೇಳಿದರು.

ಹೌದು ಕಾಕಾ, ಅದನ್ನ ಬರೆದಿದ್ದಾರೆ ಅಂದೆ. ಅವರು ಚೀಲದ ಬಾಯಿ ಗಂಟು ಹಾಕಿಕೊಂಡು ಇಳಿದರು.