ಎಫ್‌ಐಆರ್ ಆದ ಮೇಲೂ ಬಂಧನ ಏಕಿಲ್ಲ?

ಮಡಿಕೇರಿಯಲ್ಲಿ ವಕೀಲಿ ವೃತ್ತಿಯಲ್ಲಿರುವ ನನ್ನನ್ನು ಹಲವು ಹೆಣ್ಣುಮಕ್ಕಳು ಕೇಳುವುದಿದೆ: ‘ಎಫ್‌ಐಆರ್ ಆಗಿದೆ ಮೇಡಂ, ಅವರನ್ನು ಇನ್ನೂ ಯಾಕೆ ಹಿಡಿದಿಲ್ಲ?’

ಪತಿ ಅಥವಾ ಅವನ ಸಂಬಂಧಿಕರ ಕ್ರೌರ್ಯವು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಡಿ, ಅಂದರೆ ಹಿಂದಿನ ಭಾರತೀಯ ದಂಡ ಸಂಹಿತೆಯ 498ಎ ಅಡಿ, 3 ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಜಾಮೀನುರಹಿತ ಅಪರಾಧ. ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರ ಪೊಲೀಸರಿಗಿದ್ದರೂ, ಆ ಅಧಿಕಾರವೊಂದೇ ಬಂಧನಕ್ಕೆ ಕಾರಣವಾಗದೆಂದು ಸರ್ವೋಚ್ಚ ನ್ಯಾಯಾಲಯವು 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಹೇಳಿತು. ಆರೋಪಿ ಮತ್ತೆ ಹಲ್ಲೆ ಮಾಡಬಹುದೇ, ಸಾಕ್ಷ್ಯ ನಾಶಪಡಿಸಬಹುದೇ, ಸಾಕ್ಷಿಗಳನ್ನು ಬೆದರಿಸಬಹುದೇ, ತಲೆಮರೆಸಿಕೊಳ್ಳಬಹುದೇ ಎಂಬುದನ್ನು ತನಿಖಾಧಿಕಾರಿ ತೂಗಿನೋಡಿ, ಬಂಧಿಸಿದರೂ ಬಿಟ್ಟರೂ ಕಾರಣವನ್ನು ಬರೆದಿಡಬೇಕು. ಬಂಧನ ಅಗತ್ಯವಿಲ್ಲವೆನಿಸಿದರೆ ಹಾಜರಾಗುವಂತೆ ನೋಟಿಸ್ ಕೊಡುತ್ತಾರೆ. ನೋಟಿಸ್ ಕೊಟ್ಟ ಮಾತ್ರಕ್ಕೆ ಪ್ರಕರಣ ಮುಗಿದುಹೋಗುವುದಿಲ್ಲ. ಅದನ್ನು ಪಾಲಿಸದವನನ್ನು ಬಂಧಿಸಬಹುದು.

ಹೀಗಾಗಿ ದೂರಿನಲ್ಲಿ ಏನು ಬರೆದಿದೆ ಎಂಬುದು ಮುಖ್ಯ. ‘ಕಿರುಕುಳ ಕೊಡುತ್ತಾರೆ’ ಎಂಬ ಒಂದು ಸಾಲಿನಿಂದ ಅಪಾಯದ ಅಳತೆ ಸಿಗದು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇರುವ ಈ ಜಿಲ್ಲೆಯಲ್ಲಿ, ಮನೆಯಲ್ಲಿ ಕೋವಿ ಇದೆಯೇ, ಅದರ ಗುಂಡು ಯಾರ ಕೈಯಲ್ಲಿದೆ, ಎಂದಾದರೂ ಗುರಿಯಿಟ್ಟು ಹೆದರಿಸಿದ್ದಾನೆಯೇ ಎಂದು ನಾನು ಮೊದಲೇ ಕೇಳುತ್ತೇನೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದಂದು ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುವ ಆಯುಧದ ಬಗ್ಗೆ ಠಾಣೆಯಲ್ಲಿ ಮಾತಾಡಲು ಹಿಂಜರಿಯುವವರಿದ್ದಾರೆ. ಆ ಮೌನದಿಂದ ಬಂಧನಕ್ಕಿರುವ ಬಲವಾದ ಕಾರಣವೇ ಕಡತದಿಂದ ಬಿಟ್ಟುಹೋಗುತ್ತದೆ.

ತೋಟದ ಕಾರ್ಮಿಕರು ವಾಸಿಸುವ ಸಾಲುಮನೆಗಳಾದ ಲೈನ್‌ಮನೆಗಳ ತೊಡಕು ಬೇರೆ. 85ನೇ ಕಲಮಿನ ಅಪರಾಧದಲ್ಲಿ ಪೊಲೀಸರು ನ್ಯಾಯಾಲಯದ ಆದೇಶವಿಲ್ಲದೆ ತಾವಾಗಿ ಮುಂದುವರಿಯಬೇಕಾದರೆ ಮಾಹಿತಿಯನ್ನು ಸಂತ್ರಸ್ತೆಯಾಗಲಿ, ರಕ್ತ, ಮದುವೆ ಅಥವಾ ದತ್ತಕದ ಸಂಬಂಧಿಯಾಗಲಿ ಕೊಟ್ಟಿರಬೇಕು. ಅಂಥ ಸಂಬಂಧಿಗಳೇ ಇಲ್ಲದಿದ್ದರೆ ನಿಗದಿತ ಸರ್ಕಾರಿ ನೌಕರರು ಕೊಡಬಹುದು. ತೋಟದ ಲೆಕ್ಕಪತ್ರ ನೋಡುವ ರೈಟರ್ ಅಥವಾ ಪಕ್ಕದ ಮನೆಯವರು 112ಕ್ಕೆ ಕರೆ ಮಾಡಿದರೆ ಪೊಲೀಸರು ಬಂದು ಹೊಡೆದಾಟ ತಡೆಯಬಹುದು, ಆದರೆ ಈ ಕಲಮಿನಡಿ ಮುಂದುವರಿಯಲು ಆ ಕರೆಯಷ್ಟೇ ಸಾಲದು. ಕೆಲಸಕ್ಕೆಂದು ಇಲ್ಲಿಗೆ ಬಂದ, ತವರು ಅಸ್ಸಾಮಿನಲ್ಲಿರುವ ಹೆಣ್ಣಿಗೆ ಇದು ಸಣ್ಣ ಅಡ್ಡಿಯಲ್ಲ.

ಬಂಧನವಾಗದಿದ್ದಾಗ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಸಂರಕ್ಷಣಾ ಆದೇಶ ಕೋರುವಂತೆ ಸೂಚಿಸುತ್ತೇನೆ. ಆ ಆದೇಶದ ಉಲ್ಲಂಘನೆಯೇ 1 ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಜಾಮೀನುರಹಿತ ಅಪರಾಧ. ಅದರ ಪ್ರತಿಯನ್ನು ನ್ಯಾಯಾಲಯವು ಠಾಣೆಗೂ ಕಳುಹಿಸಬೇಕಾಗಿರುವುದರಿಂದ, ಅವನು ರಾತ್ರಿ ಮತ್ತೆ ಬಾಗಿಲು ಬಡಿದಾಗ ಆಕೆ ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕಾಗಿಲ್ಲ.