ಹೆಸರುಪಟ್ಟಿ ಕಳಚಿದ ಟೇಪು: ಫೌಂಡ್ ಫೂಟೇಜ್ ಸೈನ್ಸ್ ಫಿಕ್ಷನ್ ಬೆಳೆದುಬಂದ ಬಗೆ

ಮನುಷ್ಯ ಚಂದ್ರನ ಮೇಲೆ ಇಳಿದೇ ಇಲ್ಲ, ಎಲ್ಲ ಸ್ಟುಡಿಯೊದಲ್ಲಿ ಶೂಟ್ ಮಾಡಿದ್ದು ಎನ್ನುವ ವಿಡಿಯೊ ಯಾವುದಾದರೊಂದು ವಾಟ್ಸ್‌ಆ್ಯಪ್ ಗುಂಪಿಗೆ ಆಗಾಗ ಬಂದು ಬೀಳುತ್ತದೆ. ಕಾಡಿನಲ್ಲಿ ಕಂಡ ಅನ್ಯಗ್ರಹ ಜೀವಿ, ಭವಿಷ್ಯದಿಂದ ಬಂದವನ ಸಂದರ್ಶನ, ಸರ್ಕಾರ ಬಚ್ಚಿಟ್ಟ ಪ್ರಯೋಗ, ಇವಕ್ಕೂ ಬರವಿಲ್ಲ. ಯಾವುದು ಮೋಸ, ಯಾವುದು ಸಿನಿಮಾದಿಂದ ಕತ್ತರಿಸಿದ ದೃಶ್ಯ ಎಂದು ಬಿಡಿಸಿ ಹೇಳುವುದು ಈಗ ಕಷ್ಟ. ನೋಡುವವರಿಗೆ ಆ ವ್ಯತ್ಯಾಸ ಗೊತ್ತಾಗಬಾರದು ಎಂಬ ಆಸೆಯಿಂದಲೇ ಹುಟ್ಟಿದ ಸಿನಿಮಾ ಪ್ರಕಾರವೊಂದಿದೆ. ಅದರ ಹೆಸರು ಫೌಂಡ್ ಫೂಟೇಜ್.

ಕಥೆಯೊಳಗಿನ ಪಾತ್ರವೇ ಕ್ಯಾಮೆರಾ ಹಿಡಿದಿರುತ್ತದೆ. ಅವರಿಗೇನೋ ಆಗುತ್ತದೆ, ಟೇಪು ಮಾತ್ರ ಉಳಿದು ಯಾರದೋ ಕೈಗೆ ಸಿಗುತ್ತದೆ. ಕನ್ನಡದಲ್ಲಿ 2013ರ ‘6-5=2’ ಹೀಗೇ ಬಂತು: ಚಾರಣಕ್ಕೆ ಹೋದವರ ಕ್ಯಾಮೆರಾ ಸಿಕ್ಕಿತು, ಇದು ನಿಜವಾಗಿ ನಡೆದದ್ದು ಎಂಬ ಪ್ರಚಾರದೊಂದಿಗೆ. ಅದು ದೆವ್ವದ ಕಥೆ. ಆದರೆ ಪಿತೂರಿ ಮತ್ತು ಅನ್ಯಗ್ರಹ ಜೀವಿಗಳ ಕಥೆಗೆ ಈ ರೂಪ ಇನ್ನೂ ಚೆನ್ನಾಗಿ ಒಗ್ಗುತ್ತದೆ. ಸಾಕ್ಷ್ಯವನ್ನು ಯಾರೋ ಮುಚ್ಚಿಟ್ಟಿದ್ದಾರೆ ಎನ್ನುವುದೇ ಪಿತೂರಿ ಕಥೆಯ ಜೀವಾಳ, ಟೇಪು ಆ ಸಾಕ್ಷ್ಯವಾಗಿ ಬರುತ್ತದೆ.

ಬೇರು ಹಳೆಯದು. 1938ರ ಅಕ್ಟೋಬರ್ 30ರಂದು ಅಮೆರಿಕದ ಕಲಾವಿದ ಆರ್ಸನ್ ವೆಲ್ಸ್ ಮಂಗಳ ಗ್ರಹದವರ ದಾಳಿಯ ನಾಟಕವನ್ನು ರೇಡಿಯೊ ಸುದ್ದಿಯ ಧಾಟಿಯಲ್ಲಿ ಪ್ರಸಾರ ಮಾಡಿದರು. ದೇಶವೇ ಬೆಚ್ಚಿಬಿತ್ತು ಎಂದು ಮರುದಿನದ ಪತ್ರಿಕೆಗಳು ಬರೆದದ್ದರಲ್ಲಿ ಉತ್ಪ್ರೇಕ್ಷೆಯೇ ಹೆಚ್ಚು ಎಂದು ಮುಂದಿನ ಸಂಶೋಧಕರು ಹೇಳಿದರು. 1977ರ ಜೂನ್ 20ರಂದು ಬ್ರಿಟನ್ನಿನ ಆಂಗ್ಲಿಯಾ ಟೆಲಿವಿಷನ್ ‘ಆಲ್ಟರ್ನೇಟಿವ್ 3’ ಎಂಬ ಕಾರ್ಯಕ್ರಮ ತೋರಿಸಿತು. ಭೂಮಿ ಬಾಳಲು ಯೋಗ್ಯವಾಗಿ ಉಳಿಯದು, ಆದ್ದರಿಂದ ವಿಜ್ಞಾನಿಗಳನ್ನು ಗುಟ್ಟಾಗಿ ಮಂಗಳಕ್ಕೆ ಸಾಗಿಸಲಾಗುತ್ತಿದೆ ಎಂಬುದು ಅದರ ಹೂರಣ. ಕೊನೆಗೆ ಒಂದು ರಹಸ್ಯ ಟೇಪು ತೆರೆದುಕೊಳ್ಳುತ್ತದೆ: 1962ರ ಮೇ 22ರಂದು ಮಂಗಳದ ಮೇಲೆ ನೌಕೆ ಇಳಿಯುವ ದೃಶ್ಯ. ಏಪ್ರಿಲ್ 1ರ ತಮಾಷೆಗೆಂದು ಮಾಡಿದ್ದ ಕಾರ್ಯಕ್ರಮ ಜೂನ್‌ಗೆ ಜಾರಿತ್ತು. ನಟರ ಹೆಸರುಗಳು ಕೊನೆಯಲ್ಲಿ ಸ್ಪಷ್ಟವಾಗಿಯೇ ಇದ್ದವು. ಆದರೂ ಅದನ್ನು ನಿಜವೆಂದು ನಂಬಿದವರು ದಶಕಗಳ ಕಾಲ ನಂಬುತ್ತಲೇ ಹೋದರು.

ಈ ಇತಿಹಾಸದ ಅತ್ಯಂತ ಮಹತ್ವದ ಘಟನೆ ಇಷ್ಟು ದೊಡ್ಡ ಮಟ್ಟದಲ್ಲಿ ನಡೆದದ್ದಲ್ಲ. 1989ರಲ್ಲಿ ಡೀನ್ ಅಲಿಯೋಟೊ ಎಂಬ ಯುವಕ ಸುಮಾರು 6,500 ಡಾಲರ್‌ನಲ್ಲಿ ‘ಯುಎಫ್‌ಒ ಅಬ್ಡಕ್ಷನ್’ ಎಂಬ ಚಿತ್ರ ಮಾಡಿದ. ಐದು ವರ್ಷದ ಮಗುವಿನ ಹುಟ್ಟುಹಬ್ಬ. ಮನೆಮಂದಿಯೆಲ್ಲ ಸೇರಿದ್ದಾರೆ, ಒಬ್ಬ ಮಗ ಹೊಸ ಉತ್ಸಾಹದಲ್ಲಿ ಎಲ್ಲವನ್ನೂ ವಿಡಿಯೊ ಮಾಡುತ್ತಿದ್ದಾನೆ. ಕರೆಂಟ್ ಹೋಗುತ್ತದೆ. ಹೊರಗೆ ಹೋದವರಿಗೆ ಮರಗಳಾಚೆ ಒಂದು ನೌಕೆ, ಅದರ ಬಳಿ ಪುಟ್ಟ ಆಕೃತಿಗಳು ಕಾಣುತ್ತವೆ. ಅವು ತೆರೆಯ ಮೇಲಿರುವುದು ಕೆಲವೇ ಕ್ಷಣ. ಉಳಿದ ಹೊತ್ತೆಲ್ಲ ಮನೆಯವರು ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತ, ಬಯ್ದುಕೊಳ್ಳುತ್ತ, ಹೆದರಿಕೆಯನ್ನು ಅಡಗಿಸಲು ನೋಡುತ್ತಾರೆ. ಆ ಗಲಾಟೆಯಲ್ಲಿ ಬರೆದ ಸಂಭಾಷಣೆಯ ವಾಸನೆಯೇ ಇಲ್ಲ. ಬಡತನವನ್ನು ಇಷ್ಟು ಚೆನ್ನಾಗಿ ದುಡಿಸಿಕೊಂಡ ಚಿತ್ರಗಳು ಕಡಿಮೆ.

ವಿತರಕರ ಗೋದಾಮಿಗೆ ಬೆಂಕಿ ಬಿದ್ದು ಮೂಲ ಪ್ರತಿ ಸುಟ್ಟುಹೋಯಿತು. ಚಿತ್ರದ ಬದುಕು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಷ್ಟರಲ್ಲೇ ಹೊರಬಿದ್ದಿದ್ದ ಪ್ರತಿಯೊಂದರಿಂದ ಯಾರೋ ಶೀರ್ಷಿಕೆಯನ್ನೂ ಕೊನೆಯ ಹೆಸರುಪಟ್ಟಿಯನ್ನೂ ತೆಗೆದುಹಾಕಿದರು. ಹಾಗೆ ಬೋಳಾದ ಟೇಪು ಹಾರುವ ತಟ್ಟೆಗಳ ಬಗ್ಗೆ ಆಸಕ್ತಿಯುಳ್ಳವರ ನಡುವೆ ಕೈಯಿಂದ ಕೈಗೆ ಹೋಯಿತು. ವಿಎಚ್‌ಎಸ್ ಟೇಪನ್ನು ನಕಲು ಮಾಡಿದಷ್ಟೂ ಚಿತ್ರ ಮಸುಕಾಗುತ್ತದೆ, ಬಣ್ಣ ಕದಡುತ್ತದೆ, ಜೆರಾಕ್ಸಿನಿಂದ ಮತ್ತೆ ಜೆರಾಕ್ಸ್ ತೆಗೆದ ಹಾಗೆ. ವೇಷದ ಹೊಲಿಗೆ, ಮುಖವಾಡದ ಅಂಚು ಮೊದಲು ಅಳಿಸಿಹೋಗುತ್ತವೆ. ಅಂದರೆ ಪ್ರತಿ ನಕಲಿನೊಂದಿಗೆ ಸುಳ್ಳು ಇನ್ನಷ್ಟು ನಂಬುವಂತಾಯಿತು. ಇದನ್ನು ಮಾಡಿದ್ದು ನಾನೇ ಎಂದು ನಿರ್ದೇಶಕ ಮುಂದೆ ಬಂದಾಗಲೂ ಕೆಲವರು ಒಪ್ಪಲಿಲ್ಲ. ಆತನೂ ಮುಚ್ಚಿಹಾಕುವವರ ಕಡೆಯವನಿರಬೇಕು ಎಂಬುದು ಅವರ ವಾದ.

1998ರ ಜನವರಿಯಲ್ಲಿ ಇದೇ ಕಥೆ ಹೆಚ್ಚಿನ ಹಣದಲ್ಲಿ, ನಡುನಡುವೆ ತಜ್ಞರ ಸಂದರ್ಶನಗಳೊಂದಿಗೆ ಅಮೆರಿಕದ ಯುಪಿಎನ್ ಚಾನೆಲ್‌ನಲ್ಲಿ ಬಂತು. ಅದರಲ್ಲಿ ಕುಟುಂಬದ ಹೆಸರು ಮೆಕ್‌ಫರ್ಸನ್. ಎರಡನ್ನೂ ಜನ ಎಷ್ಟು ಕಲಸಿಬಿಟ್ಟರೆಂದರೆ ಹಳೆಯ ಚಿತ್ರಕ್ಕೇ ‘ದಿ ಮೆಕ್‌ಫರ್ಸನ್ ಟೇಪ್’ ಎಂಬ ಹೆಸರು ಅಂಟಿಕೊಂಡಿತು. ಈಚೆಗೆ ಅಮೆರಿಕನ್ ಜಾನರ್ ಫಿಲ್ಮ್ ಆರ್ಕೈವ್ ಅದನ್ನು ಬ್ಲೂ-ರೇಯಲ್ಲಿ ಹೊರತಂದಿದ್ದೂ ಅದೇ ಹೆಸರಿನಲ್ಲಿ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಅಲ್ಪ ಬಂಡವಾಳದಲ್ಲಿ ತಯಾರಾಗಿ ಸುಮಾರು 24.8 ಕೋಟಿ ಡಾಲರ್ ಗಳಿಸಿತು. ನಟರು ಕಾಣೆಯಾಗಿದ್ದಾರೆ ಎಂಬ ಪೋಸ್ಟರು, ಅದಕ್ಕೊಂದು ವೆಬ್‌ಸೈಟು. ‘ಇದು ನಿಜ’ ಎನ್ನುವುದು ಅಲ್ಲಿಂದಾಚೆಗೆ ಮಾರಾಟದ ತಂತ್ರವಾಯಿತು. ಬಡ ಚಿತ್ರತಂಡ ಅನಿವಾರ್ಯವಾಗಿ ಕಂಡುಕೊಂಡಿದ್ದ ದಾರಿಗೆ ದೊಡ್ಡ ಸ್ಟುಡಿಯೊಗಳೂ ಇಳಿದವು.

ಅದರ ಬೆಲೆ ತೆತ್ತವರು ಬೇರೆಯವರು. 2009ರ ‘ದಿ ಫೋರ್ತ್ ಕೈಂಡ್’ ಚಿತ್ರ ಅಲಾಸ್ಕಾದ ನೋಮ್ ಪಟ್ಟಣದಲ್ಲಿ ಜನ ಕಾಣೆಯಾಗುವುದಕ್ಕೆ ಅನ್ಯಗ್ರಹ ಜೀವಿಗಳು ಕಾರಣ ಎಂದು, ‘ಅಸಲಿ’ ಟೇಪುಗಳ ಸಮೇತ ತೋರಿಸಿತು. ಆ ಊರಿನಲ್ಲಿ ನಿಜವಾಗಿಯೂ ಹಲವರು ಕಾಣೆಯಾಗಿದ್ದರು, ಸತ್ತಿದ್ದರು. ಬಹುತೇಕರು ಅಲ್ಲಿನ ಮೂಲನಿವಾಸಿಗಳು. ಎಫ್‌ಬಿಐ ಪರಿಶೀಲಿಸಿ, ಕುಡಿತ ಮತ್ತು ಕೊರೆಯುವ ಚಳಿಯೇ ಹೆಚ್ಚಿನ ಸಾವುಗಳ ಹಿಂದಿದೆ ಎಂದಿತ್ತು. ಪ್ರಚಾರಕ್ಕಾಗಿ ಅಲಾಸ್ಕಾದ ಪತ್ರಿಕೆಗಳ ಹೆಸರಿನಲ್ಲಿ ಹುಸಿ ವರದಿಗಳೂ ಹುಟ್ಟಿಕೊಂಡಿದ್ದವು. ಪತ್ರಿಕೆಗಳೊಂದಿಗಿನ ರಾಜಿಯಲ್ಲಿ ಸ್ಟುಡಿಯೊ ಅಲ್ಲಿನ ಪ್ರೆಸ್ ಕ್ಲಬ್ಬಿಗೆ 20,000 ಡಾಲರ್ ಕೊಟ್ಟಿತು. ಮಕ್ಕಳನ್ನು ಕಳೆದುಕೊಂಡ ಮನೆಗಳ ನೋವು ಆ ಲೆಕ್ಕದಲ್ಲಿ ಸೇರುವಂಥದ್ದಲ್ಲ.

ಚಂದ್ರನ ಪಿತೂರಿಯನ್ನು ಇದಕ್ಕಿಂತ ಹೊಣೆಯಿಂದ ನಿಭಾಯಿಸಿದ್ದು 2016ರ ‘ಆಪರೇಷನ್ ಅವಲಾಂಚ್’. ಕೆನಡಾದ ಮ್ಯಾಟ್ ಜಾನ್ಸನ್ ನಿರ್ದೇಶಿಸಿ, ತಮ್ಮದೇ ಹೆಸರಿನ ಪಾತ್ರದಲ್ಲಿ ನಟಿಸಿದ್ದಾರೆ. ಸಿಐಎ ಯುವಕರು ಸಾಕ್ಷ್ಯಚಿತ್ರ ತಂಡದ ಸೋಗಿನಲ್ಲಿ ನಾಸಾ ಹೊಕ್ಕು, ಕೊನೆಗೆ ಚಂದ್ರನ ಮೇಲೆ ಇಳಿದಂತೆ ನಕಲಿ ದೃಶ್ಯ ತಯಾರಿಸುತ್ತಾರೆ. ಚಿತ್ರತಂಡವೂ ಸಾಕ್ಷ್ಯಚಿತ್ರ ಮಾಡುತ್ತೇವೆಂದು ಹೇಳಿಯೇ ನಾಸಾದೊಳಗೆ ಕ್ಯಾಮೆರಾ ಒಯ್ದಿತ್ತು. ನಕಲು ಮಾಡುವುದು ಎಷ್ಟು ಪಡಿಪಾಟಲಿನ ಕೆಲಸ ಎಂಬುದನ್ನೇ ಅದು ಹಂತಹಂತವಾಗಿ ತೋರಿಸುತ್ತದೆ. ಅಂದಹಾಗೆ, ಇನ್ನೂ ಅನುಮಾನ ಉಳಿದವರು ನಮ್ಮ ಚಂದ್ರಯಾನ-2ರ ಆರ್ಬಿಟರ್ ತೆಗೆದ ಅಪೊಲೊ 11ರ ತಾಣದ ಚಿತ್ರವನ್ನು ನೋಡಬಹುದು. ಅಲ್ಲೇ ಬಿಟ್ಟುಬಂದ ನೌಕೆಯ ತಳಭಾಗ ಅದರಲ್ಲಿದೆ.

ಕಾಲಪ್ರಯಾಣ ಈ ಪ್ರಕಾರಕ್ಕೆ ತಡವಾಗಿ ಬಂತು. ನಾನು 2036ರಿಂದ ಬಂದವನು ಎನ್ನುತ್ತ 2000–01ರಲ್ಲಿ ಅಂತರ್ಜಾಲದಲ್ಲಿ ಬರೆದ ‘ಜಾನ್ ಟೈಟರ್’ನನ್ನು ನಂಬಿದವರಿದ್ದರು, ನಿಜ. ಆದರೆ ಅವನು ಹೇಳಿದ ಯುದ್ಧಗಳ ವರ್ಷಗಳು ಸುಮ್ಮನೆ ಕಳೆದುಹೋದವು. ಕಾಲಪ್ರಯಾಣದ ಟೇಪನ್ನು ಅಸಲಿ ಎಂದು ನಂಬಿಸುವುದು ಸುಲಭವಲ್ಲ. ಹಾಗಾಗಿ ಇಲ್ಲಿ ಕ್ಯಾಮೆರಾಗೆ ಬೇರೆ ಕೆಲಸ ಹುಡುಕಬೇಕಾಯಿತು. 2015ರ ‘ಪ್ರಾಜೆಕ್ಟ್ ಆಲ್ಮನಾಕ್’ನಲ್ಲಿ ಹುಡುಗನೊಬ್ಬ ತನ್ನ ಏಳನೇ ಹುಟ್ಟುಹಬ್ಬದ ವಿಡಿಯೊದಲ್ಲಿ ಈಗಿನ ತನ್ನನ್ನೇ ಕಾಣುತ್ತಾನೆ. ಒಳ್ಳೆಯ ಕಲ್ಪನೆ. ಆದರೆ ಅದರ ಟ್ರೇಲರ್‌ನಲ್ಲಿ 1994ರ ನಿಜವಾದ ವಿಮಾನ ದುರಂತದ ದೃಶ್ಯ ಬಳಕೆಯಾಗಿತ್ತು. ಆ ದುರಂತದಲ್ಲಿ ನಾಲ್ವರು ಸತ್ತಿದ್ದರು. ನಿರ್ಮಾಪಕರು ಕ್ಷಮೆ ಕೇಳಿ ಅದನ್ನು ತೆಗೆಸಿದರು.

ಕಡಿಮೆ ದುಡ್ಡಿನವರೇ ಮತ್ತೆ ದಾರಿ ತೋರಿಸಿದರು. ಟೆಕ್ಸಾಸ್‌ನ ಸ್ಟೀಫನ್ ಎಫ್. ಆಸ್ಟಿನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಿಕಿ ಕೆನಡಿ ಮಾಡಿದ ‘ದಿ ಹಿಸ್ಟರಿ ಆಫ್ ಟೈಮ್ ಟ್ರಾವೆಲ್’ (2014) ಮಾಮೂಲಿ ಟಿವಿ ಸಾಕ್ಷ್ಯಚಿತ್ರದಂತೆ ಶುರುವಾಗುತ್ತದೆ. ಕಥೆಯಲ್ಲಿ ಯಾರೋ ಹಿಂದಿನ ಕಾಲಕ್ಕೆ ಹೋದಾಗಲೆಲ್ಲ ಸಂದರ್ಶನ ಕೊಡುತ್ತಿರುವವರ ಹಿಂದಿನ ವಸ್ತುಗಳು ಬದಲಾಗುತ್ತವೆ, ಹೇಳುವ ಇತಿಹಾಸವೂ ಬದಲಾಗುತ್ತದೆ, ಮಾತಾಡುವವರಿಗೆ ಮಾತ್ರ ಅದರ ಅರಿವಿಲ್ಲ. ಐರ್ಲೆಂಡಿನ ಆಂಡ್ರ್ಯೂ ಲೆಗ್ ಅವರ ‘ಲೋಲಾ’ (2022) ಇನ್ನೂ ಮುಂದೆ ಹೋಯಿತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಕ್ಕತಂಗಿಯರಿಬ್ಬರು ಭವಿಷ್ಯದ ರೇಡಿಯೊ, ಟಿವಿ ಪ್ರಸಾರಗಳನ್ನು ಹಿಡಿಯುವ ಯಂತ್ರ ಮಾಡಿ, ಎಲ್ಲವನ್ನೂ ಕಪ್ಪುಬಿಳುಪು ಫಿಲ್ಮಿನಲ್ಲಿ ಸೆರೆಹಿಡಿಯುತ್ತಾರೆ. ಅವರು ಯುದ್ಧದಲ್ಲಿ ಕೈಹಾಕಿದ ಮೇಲೆ, ಮೆಚ್ಚಿ ಕೇಳುತ್ತಿದ್ದ ಗಾಯಕ ಡೇವಿಡ್ ಬೋವಿಯೇ ಭವಿಷ್ಯದಿಂದ ಇಲ್ಲವಾಗುತ್ತಾನೆ, ಅವನ ಜಾಗದಲ್ಲಿ ಸರ್ವಾಧಿಕಾರವನ್ನು ಹಾಡಿ ಹೊಗಳುವ ಗಾಯಕನೊಬ್ಬ ಬರುತ್ತಾನೆ. ಈ ಎರಡು ಚಿತ್ರಗಳ ಕೊನೆಯ ಹೆಸರುಪಟ್ಟಿಯನ್ನು ಯಾರಾದರೂ ಕತ್ತರಿಸಿ ಹಂಚಿದರೂ ಅವು ಯಾರನ್ನೂ ದಾರಿ ತಪ್ಪಿಸಲಾರವು.