ಫ್ರಿಜ್ ಲೈಟ್ ಉರಿಯುತ್ತೆ, ತಣ್ಣಗಾಗಲ್ಲ: ಗ್ಯಾಸ್ ತುಂಬಿಸಬೇಕಾ?

ಪ್ರಶ್ನೆ: ನಮ್ಮದು ಒಂದೇ ಬಾಗಿಲಿನ ಹಳೇ ಫ್ರಿಜ್. ಒಳಗೆ ಲೈಟ್ ಬರುತ್ತೆ, ತಂಪು ಇಲ್ಲ. ನಾಲ್ಕೈದು ನಿಮಿಷಕ್ಕೊಮ್ಮೆ ಹಿಂದುಗಡೆ ‘ಟಿಕ್’ ಅನ್ನುತ್ತೆ. ರಿಪೇರಿಯವರು ಗ್ಯಾಸ್ ಖಾಲಿ ಅಂತಾರೆ. ತುಂಬಿಸಲಾ?

ಉತ್ತರ: ಬೇಡ. ಬೇಸಿಗೆ ಶುರುವಾಯಿತೆಂದರೆ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಹೇಳಿದರೂ ಗ್ಯಾಸಿನ ಮೇಲಿನ ಅನುಮಾನ ಮಾತ್ರ ಹೋಗುವುದಿಲ್ಲ. ಆದ್ದರಿಂದ ಮೊದಲು ಅದನ್ನೇ ಮುಗಿಸೋಣ.

ಫ್ರಿಜ್ಜಿನ ಗ್ಯಾಸ್ ಅಡುಗೆ ಸಿಲಿಂಡರಿನ ಗ್ಯಾಸಿನಂತೆ ಉರಿದು ಮುಗಿಯುವಂಥದ್ದಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ಇಪ್ಪತ್ತು ವರ್ಷವಾದರೂ ಒಂದು ಗ್ರಾಂ ಖರ್ಚಾಗಬೇಕಿಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ತೂತಾಗಿದೆ: ಫ್ರೀಜರಿನ ಐಸನ್ನು ಚಾಕುವಿನಲ್ಲಿ ಕೆತ್ತಿ ತೂತು ಮಾಡಿರಬಹುದು, ಕೊಳವೆ ತುಕ್ಕು ಹಿಡಿದಿರಬಹುದು, ಬೆಸುಗೆ ಬಿಟ್ಟಿರಬಹುದು. ಆ ತೂತು ಹುಡುಕದೆ ಬರೀ ಗ್ಯಾಸ್ ತುಂಬಿದರೆ ಕೆಲವು ದಿನಗಳಲ್ಲಿ ಅದೂ ಹೋಗುತ್ತದೆ. ತುಂಬುವುದೇ ಆದರೆ ಲೀಕ್ ಮುಚ್ಚಬೇಕು, ತೇವ ಹೀರುವ ಡ್ರೈಯರ್ ಬದಲಿಸಬೇಕು, ವ್ಯಾಕ್ಯೂಮ್ ಪಂಪ್ ಹಚ್ಚಿ ಗಾಳಿ-ತೇವ ಎಳೆಯಬೇಕು, ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಮೋಟಾರು) ಪಕ್ಕದ ಚೀಟಿಯಲ್ಲಿ ಬರೆದಷ್ಟೇ ಗ್ರಾಂ ತೂಗಿ ಹಾಕಬೇಕು. ಚೀಟಿಯಲ್ಲಿ ಆರ್-600ಎ ಅಂತಿದ್ದರೆ ಅದು ಐಸೋಬ್ಯೂಟೇನ್, ಬೆಂಕಿ ಹತ್ತುವ ಗ್ಯಾಸ್. ಅದನ್ನು ಹೊರಗೆ ಬಿಡದೆ ಕೊಳವೆಗೆ ಗ್ಯಾಸ್ ಟಾರ್ಚ್ ಹಿಡಿಯುವವರನ್ನು ಮನೆಯೊಳಗೆ ಬಿಡಬೇಡಿ.

ಇನ್ನು ನಿಮ್ಮ ‘ಟಿಕ್’. ಗ್ಯಾಸ್ ಹೋದ ಫ್ರಿಜ್ಜಿನ ಕಂಪ್ರೆಸರ್ ನಿಲ್ಲುವುದೇ ಇಲ್ಲ. ಒಳಗೆ ತಂಪಾಗದ ಕಾರಣ ಥರ್ಮೋಸ್ಟಾಟ್ ಕಟ್ ಮಾಡುವುದಿಲ್ಲ, ಅದು ಹಗಲೂ ರಾತ್ರಿ ಗುಂಯ್‌ಗುಡುತ್ತಾ ಓಡುತ್ತದೆ. ಫ್ರೀಜರಿನ ಒಂದು ಮೂಲೆಯಲ್ಲಿ ಮಾತ್ರ ಹಿಮ ಕಟ್ಟಿ ಉಳಿದ ಭಾಗ ಒಣಗಿರುತ್ತದೆ. ನಿಮ್ಮಲ್ಲಿ ಕಂಪ್ರೆಸರ್ ಓಡುತ್ತಲೇ ಇಲ್ಲ. ಹೊರಡಲು ನೋಡುತ್ತದೆ, ಆಗುವುದಿಲ್ಲ, ಕರೆಂಟ್ ಏರುತ್ತದೆ, ಓವರ್‌ಲೋಡ್ ಎಂಬ ರಕ್ಷಣಾ ಸ್ವಿಚ್ ಬಿಸಿಯಾಗಿ ‘ಟಿಕ್’ ಎಂದು ಕರೆಂಟ್ ಕಡಿಯುತ್ತದೆ. ಆರಿದ ಮೇಲೆ ಮತ್ತೆ ಅದೇ ಪಾಡು. ಇದು ಬಹುಪಾಲು ವಿದ್ಯುತ್ತಿನ ದೋಷ.

ಮೊದಲು ಸಾಕೆಟ್ಟಿನ ವೋಲ್ಟೇಜ್ ನೋಡಿ, ಅದೂ ಕಂಪ್ರೆಸರ್ ಹೊರಡಲು ಹೆಣಗುವ ಆ ಕ್ಷಣದಲ್ಲಿ. 230 ಇದ್ದದ್ದು 170ಕ್ಕೆ ಬಿದ್ದರೆ ಫ್ರಿಜ್ಜಿನ ತಪ್ಪಲ್ಲ, ಲೈನಿನದ್ದೋ ಸಡಿಲ ಸಾಕೆಟ್ಟಿನದ್ದೋ.

ವೋಲ್ಟೇಜ್ ಸರಿಯಿದ್ದರೆ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಕೀಳಲೇಬೇಕು. ಕಂಪ್ರೆಸರ್ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ರಿಲೇ ಸಿಗುತ್ತದೆ. ಅದೇ ಪಿಟಿಸಿ, ಕಂಪ್ರೆಸರನ್ನು ಹೊರಡಿಸುವ ಭಾಗ. ಮೆಲ್ಲಗೆ ಎಳೆದು ತೆಗೆದು ಕಿವಿಯ ಹತ್ತಿರ ಅಲುಗಿಸಿ. ಒಳಗೆ ಮರಳು ಆಡಿದ ಹಾಗೆ ಗಿಲಿಗಿಲಿ ಅಂದರೆ ಒಳಗಿನ ಬಿಲ್ಲೆ ಒಡೆದಿದೆ, ಪಿನ್ ಸುಟ್ಟು ಕಪ್ಪಾಗಿದ್ದರೂ ಬದಲಿಸಿ. ಸದ್ದಿಲ್ಲದಿದ್ದರೆ ಪೂರ್ತಿ ತಣಿದ ಮೇಲೆ ಮಲ್ಟಿಮೀಟರಿನಲ್ಲಿ ಅಳೆಯಿರಿ. ಸಾಮಾನ್ಯವಾಗಿ 15ರಿಂದ 40 ಓಮ್ ಒಳಗೆ ಇರುತ್ತದೆ. ತಣ್ಣಗಿರುವ ಓವರ್‌ಲೋಡ್ ಸೊನ್ನೆಯ ಆಸುಪಾಸು ತೋರಿಸಬೇಕು.

ಈಗ ಕಂಪ್ರೆಸರಿನ ಮೂರು ಪಿನ್. ಎರಡೆರಡನ್ನೇ ಅಳೆದರೆ ಮೂರು ಸಂಖ್ಯೆ ಬರುತ್ತವೆ, ಚಿಕ್ಕವೆರಡನ್ನು ಕೂಡಿದರೆ ದೊಡ್ಡದು ಬರಬೇಕು. 14, 22, 36 ಓಮ್ ಬಂದರೆ ಒಳಗಿನ ತಂತಿಸುರುಳಿ (ವೈಂಡಿಂಗ್) ತುಂಡಾಗಿಲ್ಲ. ಯಾವುದೇ ಪಿನ್ನಿಗೂ ಕಂಪ್ರೆಸರ್ ಬಾಡಿಯ ಬಣ್ಣ ಕೆರೆದ ತಾಮ್ರ ಅಥವಾ ಕಬ್ಬಿಣದ ಭಾಗಕ್ಕೂ ನಡುವೆ ಮೀಟರ್ ಯಾವ ಸಂಪರ್ಕವನ್ನೂ ತೋರಿಸಬಾರದು. ಇಷ್ಟೆಲ್ಲ ಸರಿಯಿದ್ದು, ಹೊಸ ಪಿಟಿಸಿ ಮತ್ತು ಓವರ್‌ಲೋಡ್ ಹಾಕಿದರೂ ‘ಟಿಕ್’ ಬಿಡದಿದ್ದರೆ ಆಗ ಕಂಪ್ರೆಸರ್ ಜಾಮ್ ಆಗಿದೆ ಅನ್ನಬಹುದು, ಅದಕ್ಕೆ ಮೊದಲು ಅಲ್ಲ. ಕೆಲವೇ ನೂರು ರೂಪಾಯಿಯ ರಿಲೇ ನೋಡದೆ ಸಾವಿರಾರು ರೂಪಾಯಿಯ ಕಂಪ್ರೆಸರ್ ಬದಲಿಸಿಕೊಂಡವರ ಪತ್ರ ಓದಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ವೇಗವನ್ನು ತಾನೇ ಹೆಚ್ಚುಕಡಿಮೆ ಮಾಡಿಕೊಳ್ಳುವ ಇನ್ವರ್ಟರ್ ಕಂಪ್ರೆಸರಿಗೆ ಈ ಲೆಕ್ಕ ಹಿಡಿಯುವುದಿಲ್ಲ. ಅಲ್ಲಿ ಮೂರೂ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇರಬೇಕು. ಅದಕ್ಕೆ ನೇರ 230 ವೋಲ್ಟ್ ಕೊಟ್ಟು ‘ಚೆಕ್’ ಮಾಡಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಟಿಕ್ ಕೂಡ ಇಲ್ಲ, ಗುಂಯ್ ಕೂಡ ಇಲ್ಲ ಅಂದರೆ ಥರ್ಮೋಸ್ಟಾಟ್ ನೋಡಿ, ಇಲಿ ಕಡಿದ ವೈರ್ ನೋಡಿ.

ಕರೆಂಟ್ ಹೋಗಿ ತಕ್ಷಣ ಬಂದಾಗ ಒಂದೆರಡು ಸಲ ‘ಟಿಕ್’ ಅಂದರೆ ಗಾಬರಿ ಬೇಡ. ಪಿಟಿಸಿ ಇನ್ನೂ ಕಾದಿರುತ್ತದೆ, ಕೊಳವೆಯ ಎರಡು ಬದಿಯ ಒತ್ತಡವೂ ಸಮವಾಗಿರುವುದಿಲ್ಲ. ಐದು ನಿಮಿಷ ಬಿಟ್ಟು ಹಾಕಿ.

ಕಂಪ್ರೆಸರ್ ಬಾಡಿಯ ಮಾತು ಬಂದದ್ದಕ್ಕೆ ಇನ್ನೊಂದು. ಬರಿಗಾಲಲ್ಲಿ ಬಾಗಿಲು ಹಿಡಿದಾಗ ಜುಂ ಅನ್ನುತ್ತದೆಯೇ? ವೈಂಡಿಂಗ್ ಬಾಡಿಗೆ ತಗಲಿರಬಹುದು, ಮೇಲೆ ಹೇಳಿದ ಅಳತೆ ಅದಕ್ಕೇ. ಅದು ಸರಿಯಿದ್ದೂ ಜುಂ ಅಂದರೆ ಅರ್ತ್ ನೋಡಿ. ಸಾಕೆಟ್ಟಿನ ಫೇಸ್ ಮತ್ತು ಅರ್ತ್ ನಡುವೆ ಅಳೆದರೆ ಫೇಸ್-ನ್ಯೂಟ್ರಲ್ ನಡುವಿನಷ್ಟೇ ವೋಲ್ಟೇಜ್ ಬರಬೇಕು. ತೀರಾ ಕಡಿಮೆ ಬಂದರೆ, ಅಂಕಿ ಕುಣಿದರೆ, ಅರ್ತ್ ವೈರ್ ಎಲ್ಲೋ ಬಿಟ್ಟಿದೆ. ಎಲೆಕ್ಟ್ರಿಷಿಯನ್ ಕರೆದು ಸರಿಮಾಡಿಸುವ ತನಕ ಆ ಸಾಕೆಟ್ ಬಳಸಬೇಡಿ, ಅರ್ತ್ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸುವ ಉಪಾಯ ಯಾರು ಹೇಳಿದರೂ ಒಪ್ಪಬೇಡಿ. ನ್ಯೂಟ್ರಲ್ ವೈರ್ ಎಲ್ಲಾದರೂ ಕಡಿದ ದಿನ ಫ್ರಿಜ್ಜಿನ ಮೈಗೆ ಪೂರ್ತಿ 230 ವೋಲ್ಟ್ ಬರುತ್ತದೆ.